ನಾಲ್ಕನೆಯ ಸೀಟಿ

ಮನೆಯಲ್ಲಿ ಯಾರು ಸುಮ್ಮನೆ ಕೂತಂತೆ ಕಾಣುತ್ತಾರೋ ಅವರ ಮೇಲೆ ಕುಕ್ಕರಿನ ಸೀಟಿ ಎಣಿಸುವ ಕೆಲಸ ತಾನಾಗಿಯೇ ಬಂದು ಬೀಳುತ್ತದೆ. ಈ ನೌಕರಿಗೆ ಅರ್ಜಿ ಹಾಕಬೇಕಿಲ್ಲ, ಸಂಬಳವಿಲ್ಲ, ರಜೆಯ ಮಾತಂತೂ ಎತ್ತುವ ಹಾಗೇ ಇಲ್ಲ. ಪುಣೆಯ ಸದಾಶಿವ ಪೇಠದಲ್ಲಿರುವ ರುದ್ರವ್ವನವರ ಮನೆಯಲ್ಲಿ ಈ ಹುದ್ದೆಯನ್ನು ಅಲಂಕರಿಸಿದ್ದವನು ನನ್ನ ಗೆಳೆಯ ಚನ್ನವೀರ. ಬೈಲಹೊಂಗಲದಿಂದ ಇಂಜಿನಿಯರಿಂಗ್ ಓದಲು ಬಂದು ಸೋದರತ್ತೆಯ ಮನೆಯಲ್ಲಿ ಇಳಿದವನು. ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಕೂಡುತ್ತಿದ್ದುದರಿಂದ ಅತ್ತೆಗೆ ಅವನು ಸುಮ್ಮನೆ ಕೂತಂತೆಯೇ ಕಾಣುತ್ತಿದ್ದ. ಅವರ ಊಹೆ ಸರಿಯಾಗಿಯೇ ಇತ್ತು.

ಚನ್ನವೀರನಲ್ಲಿ ದೋಷ ಹುಡುಕಿದರೆ ಸಿಗುವುದು ಒಂದೇ. 'ನನಗೆ ಗೊತ್ತಿಲ್ಲ' ಎಂದು ಹೇಳಲು ಅವನ ನಾಲಿಗೆ ಹೊರಳುವುದಿಲ್ಲ. ದಾರಿ ಕೇಳಿದವರಿಗೆ ತಾನು ಕಂಡು ಕೇಳರಿಯದ ದಾರಿಯನ್ನೂ ಕೈ ಬೀಸಿ ತೋರಿಸಿ ಕಳಿಸುವಷ್ಟು ಧಾರಾಳಿ. ಅಡುಗೆಮನೆಯಿಂದ ರುದ್ರವ್ವ, "ಚನ್ನ್ಯಾ, ಎಷ್ಟ ಸೀಟಿ ಆದುವೋ?" ಎಂದು ಕೂಗಿದರೆ ಮೊಬೈಲಿನಿಂದ ತಲೆ ಎತ್ತದೆ, "ಎರಡು!" ಎನ್ನುತ್ತಾನೆ. ಆ ಗಂಭೀರ ದನಿ ಕೇಳಿದರೆ ಯಾರಿಗೂ ಸಂಶಯ ಬರುವುದಿಲ್ಲ. ಸಂಶಯ ಬರುವುದು ಊಟಕ್ಕೆ ಕೂತಾಗ. ಒಂದು ದಿನ ಬೇಳೆ ಹಲ್ಲಿಗೆ ಸಿಕ್ಕು ಕಟುಂ ಎನ್ನುತ್ತದೆ, ಮರುದಿನ ಗೋಡೆಗೆ ಬಳಿಯುವ ಹದಕ್ಕೆ ಬಂದಿರುತ್ತದೆ. ಅವನ ಮಾವ ಕಾಡಪ್ಪನವರು ತಟ್ಟೆ ನೋಡಿ, "ಇವತ್ತ ಚನ್ನ್ಯಾ ಮನ್ಯಾಗ ಇದ್ನೇನ?" ಎಂದಷ್ಟೇ ಕೇಳುತ್ತಾರೆ.

ಇಂಥವನಿಗೆ ಪ್ರೋಗ್ರಾಮಿಂಗ್ ಒಲಿಯುವುದು ಕಷ್ಟ. ಎಷ್ಟೇ ಗಂಭೀರ ದನಿಯಲ್ಲಿ ಹೇಳಿದರೂ ಕಂಪ್ಯೂಟರು ತಪ್ಪನ್ನು ತಪ್ಪು ಎಂದೇ ಅನ್ನುತ್ತದೆ. ವರ್ಷವಿಡೀ ಲ್ಯಾಬಿನಲ್ಲಿ ಅವನ ಒಂದು ಪ್ರೋಗ್ರಾಮೂ ಓಡಲಿಲ್ಲ. ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರು ಅವನನ್ನು ಕರೆದು, ಹಿಂಜವಾಡಿಯಲ್ಲಿ ವಿದ್ಯಾರ್ಥಿಗಳಿಗೆ ಮೂರು ದಿನದ ಪ್ರೋಗ್ರಾಮಿಂಗ್ ಕ್ಯಾಂಪ್ ನಡೆಯುತ್ತಿದೆ, ಅಲ್ಲಿ ಕೆಲಸ ಮಾಡುವ ಪ್ರೋಗ್ರಾಂ ಒಂದನ್ನು ಮಾಡಿ ತೋರಿಸಿದರೆ ಪರೀಕ್ಷೆಗೆ ಕೂಡಿಸುತ್ತೇನೆ, ಇಲ್ಲವಾದರೆ ನಿನ್ನ ವರ್ಷ ಹೋಯಿತೆಂದು ತಿಳಿ ಎಂದುಬಿಟ್ಟರು.

ವರ್ಷ ಹೋದರೆ ಏನಾಗುತ್ತದೆಂಬುದು ಬೈಲಹೊಂಗಲದಲ್ಲಿ ಆಗಲೇ ತೀರ್ಮಾನವಾಗಿತ್ತು. ಅವನ ಅಪ್ಪನದು ಅಲ್ಲಿ ಬೀಜ ಗೊಬ್ಬರದ ಅಂಗಡಿ. ಸುದ್ದಿ ತಿಳಿದದ್ದೇ ತಡ, ಪೇಂಟರನನ್ನು ಕರೆಸಿ ಬೋರ್ಡಿನ ಮೇಲೆ ತಮ್ಮ ಹೆಸರಿನ ಮುಂದೆ 'ಮತ್ತು ಮಗ' ಎಂದು ಬರೆಸಿ, ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಚನ್ನವೀರನಿಗೆ ಯೂರಿಯಾದ ವಾಸನೆ ಮೂಗಿಗೆ ಬಿದ್ದರೆ ಸಾಕು, ತಲೆ ಸಿಡಿಯುತ್ತದೆ. ಆ ಫೋಟೋ ನೋಡಿಯೇ ಅವನು ಹಣೆಗೆ ಬಾಮ್ ಹಚ್ಚಿಕೊಂಡ.

"ಋಷ್ಯಾ, ನೀನೂ ಬಾರಲೇ ಕ್ಯಾಂಪಿಗೆ," ಎಂದು ನನ್ನ ಕೈ ಹಿಡಿದುಕೊಂಡ. ನಾನು ಋಷಿಕೇಶ, ನಾವು ಮೂಲ ಧಾರವಾಡದವರು, ಅದೇ ಪೇಠದಲ್ಲಿ ನಮ್ಮ ಮನೆ. ಪ್ರೋಗ್ರಾಮಿಂಗಿನಲ್ಲಿ ನನ್ನ ಗತಿಯೂ ಅಷ್ಟಕ್ಕಷ್ಟೇ. ಆದ್ದರಿಂದ ಇಬ್ಬರೂ ಸೇರಿ ರೇಣುವಿನ ಕಾಲಿಗೆ ಬಿದ್ದೆವು. ರೇಣು ನಮ್ಮ ತರಗತಿಯ ಹುಡುಗಿ, ಹುಬ್ಬಳ್ಳಿಯವಳು. ಅವಳು ಬರೆದ ಪ್ರೋಗ್ರಾಂ ಮೊದಲ ಸಲಕ್ಕೇ ಓಡುತ್ತದೆ. "ಬರ್ತೀನಿ, ಆದ್ರ ನೀವಿಬ್ಬರೂ ಕೀಬೋರ್ಡ್ ಮುಟ್ಟಂಗಿಲ್ಲ," ಎಂಬ ಕರಾರಿನ ಮೇಲೆ ಒಪ್ಪಿದಳು. ಇಷ್ಟು ಸುಲಭದ ಕರಾರಿಗೆ ನಾವು ಹಿಂದೆ ಎಂದೂ ಒಪ್ಪಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದು ಕ್ಯಾಂಪ್ ಮುಟ್ಟಿದೆವು. ಗಾಜಿನ ಕಟ್ಟಡ, ಹಲ್ಲು ಕಟಕಟ ಎನ್ನುವಷ್ಟು ಎ.ಸಿ., ಕೊರಳಿಗೆ ನೀಲಿ ಪಟ್ಟಿಯಲ್ಲಿ ತೂಗುವ ಕಾರ್ಡು. ಕಾರ್ಡು ಕೊರಳಿಗೆ ಬಿದ್ದ ಕ್ಷಣದಿಂದ ಚನ್ನವೀರನ ನಡಿಗೆಯೇ ಬದಲಾಯಿತು. ಕ್ಯಾಂಪಿನ ಮುಖ್ಯಸ್ಥೆ ಅನುಜಾ ಮೇಡಂ ಇಂಗ್ಲಿಷನ್ನೂ ಮರಾಠಿಯನ್ನೂ ಪಟಪಟ ಮಾತಾಡುವವರು. ಒಂದೊಂದೇ ಟೀಮಿನ ಹತ್ತಿರ ಬಂದು, ನೀವು ಯಾವ ಸಮಸ್ಯೆಯನ್ನು ಬಿಡಿಸುತ್ತೀರಿ ಎಂದು ಕೇಳುತ್ತಿದ್ದರು. ಪಕ್ಕದ ಟೀಮು ಕ್ಯಾನ್ಸರ್ ಹಿಡಿದಿತ್ತು, ಅದರಾಚೆಯ ಟೀಮು ಇಡೀ ಪುಣೆಯ ನೀರಿನ ಸಮಸ್ಯೆ. ನಮ್ಮ ಹತ್ತಿರ ಯಾವ ಸಮಸ್ಯೆಯೂ ಇರಲಿಲ್ಲ.

"ಏನ ಹೇಳೂಣಲೇ?" ಎಂದು ನಾನು ಪಿಸುಗುಟ್ಟಿದೆ.

"ತಡಿ, ನಾ ಹೇಳ್ತೀನಿ. ಈ ಬಾಯಾರು ಅಡಗಿಮನಿ ಕಡೆ ಹಾದಂಗ ಕಾಣಂಗಿಲ್ಲ. ಏನ ಹೇಳಿದ್ರೂ ನಡೀತೈತಿ," ಎಂದು ಚನ್ನವೀರ ಮೇಡಂ ಎದುರಿಗೇ ಕನ್ನಡದಲ್ಲಿ ಧೈರ್ಯವಾಗಿ ಹೇಳಿ, ಇಂಗ್ಲಿಷಿಗೆ ತಿರುಗಿದ. ಭಾರತದ ಕೋಟ್ಯಂತರ ಮನೆಗಳಲ್ಲಿ ಕುಕ್ಕರಿನ ಸೀಟಿ ಎಣಿಸುವಲ್ಲಿ ಮನುಷ್ಯಶಕ್ತಿ ಪೋಲಾಗುತ್ತಿದೆ, ನಮ್ಮ ಪ್ರೋಗ್ರಾಂ ಆ ಸೀಟಿಯನ್ನು ಕೇಳಿ ತಾನೇ ಎಣಿಸಿ ಮೊಬೈಲಿನಲ್ಲಿ ಕೂಗಿ ಹೇಳುತ್ತದೆ ಎಂದ. ನಾನೂ ರೇಣುವೂ ಬೆರಗಾಗಿ ಅವನ ಮುಖ ನೋಡಿದೆವು. ಮೇಡಂ ಕೂಡ ಮೆಚ್ಚಿ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಕುಕ್ಕರುಗಳ ಧ್ವನಿ ಕೂಡಿಸಿದ್ದೀರಾ?" ಎಂದು ಅವರು ಕೇಳಿದರು.

"ಇನ್ನೂರು ಮನೆಗಳ ಜೊತೆ ಮಾತಾಡಿದ್ದೇವೆ ಮೇಡಂ. ಎಲ್ಲರೂ ಕಾಯುತ್ತಿದ್ದಾರೆ," ಎಂದ ನಮ್ಮ ನಾಯಕ.

"ಬಹಳ ಒಳ್ಳೆಯದು. ಹಾಗಾದರೆ ನಾಳೆ ಧ್ವನಿ ಹಿಡಿದುಕೊಂಡು ಬನ್ನಿ. ಇಂಟರ್ನೆಟ್ಟಿನಿಂದ ತಂದದ್ದು ನಡೆಯುವುದಿಲ್ಲ. ಭಾನುವಾರ ಆ ಇನ್ನೂರರಲ್ಲಿ ಒಂದು ಮನೆಯವರನ್ನು ಕುಕ್ಕರಿನ ಸಮೇತ ಕರೆತನ್ನಿ. ಎಲ್ಲರ ಎದುರಿಗೆ ಬೇಳೆ ಬೇಯಿಸಿಯೇ ತೋರಿಸಿ. ಅದು ನಡೆದರೆ ನಿಮ್ಮ ವಿಭಾಗಕ್ಕೆ ನಾನೇ ಬರೆದು ಕಳಿಸುತ್ತೇನೆ."

ಮೇಡಂ ಮುಂದಿನ ಟೀಮಿಗೆ ಹೋದರು. ರೇಣು ಕಣ್ಣು ಕೆಂಪಗೆ ಮಾಡಿ ಚನ್ನವೀರನನ್ನು ನೋಡಿದಳು. "ಯಂತ್ರಕ್ಕ ಬ್ಯಾರೆ ಬ್ಯಾರೆ ಸೀಟಿ ನೂರಾರು ಸಲ ಕೇಳಿಸಿದ್ರ ಅದು ಗುರ್ತು ಹಿಡಿಯೂದನ್ನ ಕಲೀತೈತಿ. ನಾ ಪ್ರೋಗ್ರಾಂ ಬರೀತೀನಿ. ನಾಳೆ ಸಂಜಿ ಒಳಗ ನನಗ ಇನ್ನೂರು ಸೀಟಿ ಬೇಕು, ಇನ್ನೂರು ಖರೇ ಕುಕ್ಕರಿಂದು. ತಿಳೀತಾ?"

"ಅದೇನ ದೊಡ್ಡ ಮಾತು!" ಎಂದ ಚನ್ನವೀರ.

ಶನಿವಾರ ಅಡುಗೆಯ ಹೊತ್ತಿಗೆ ನಾವಿಬ್ಬರೂ ಕೊರಳಲ್ಲಿ ನೀಲಿ ಪಟ್ಟಿಯ ಕಾರ್ಡು ತೂಗಿಸಿಕೊಂಡು ಸದಾಶಿವ ಪೇಠದಲ್ಲೇ ಪಕ್ಕದ ಓಣಿಗೆ ಇಳಿದೆವು. ರುದ್ರವ್ವನವರ ಮನೆಯಿರುವ ಕಟ್ಟಡದಿಂದಲೇ ಶುರುಮಾಡೋಣ ಎಂದು ನಾನು ಹೇಳಿದ್ದೆ. ಅಲ್ಲಿ ಎಲ್ಲರೂ ತನ್ನನ್ನು ಬಲ್ಲವರು, ಗೌರವ ಸಿಗುವುದಿಲ್ಲ ಎಂದು ಅವನು ಒಪ್ಪಲಿಲ್ಲ. ಮೊದಲ ಬಾಗಿಲು ಕುಸುಮ ಕಾಕೂ ಎಂಬ ಹಿರಿಯಾಕೆಯದು. ಬಾಗಿಲಲ್ಲೇ ನಿಲ್ಲಿಸಿ, ಏನು ಬೇಕು ಎಂದು ಮರಾಠಿಯಲ್ಲಿ ಕೇಳಿದರು.

"ನಿಮ್ಮ ಕುಕ್ಕರಿನ ಸೀಟಿ ಕೇಳಬೇಕಾಗಿತ್ತು," ಎಂದ ಚನ್ನವೀರ, ತನ್ನ ಬೈಲಹೊಂಗಲದ ಮರಾಠಿಯಲ್ಲಿ.

"ಯಾಕೆ? ಯಾರು ಕಳಿಸಿದ್ದಾರೆ?"

ಕ್ಯಾಂಪಿನ ವಿದ್ಯಾರ್ಥಿಗಳು ಎಂದು ಹೇಳಿದ್ದರೆ ಆ ತಾಯಿ ನಮ್ಮನ್ನು ಒಳಗೆ ಕರೆದು ಚಹಾ ಕೊಡುತ್ತಿದ್ದರೋ ಏನೋ. ಚನ್ನವೀರ ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತ, "ದೊಡ್ಡ ಯೋಜನೆ ಕಾಕೂ. ಈಗಲೇ ಎಲ್ಲ ಹೇಳಲು ಬರುವುದಿಲ್ಲ. ಬೇಳೆಗೆ ಎಷ್ಟು ಸೀಟಿ ಮಾಡುತ್ತೀರಿ?" ಎಂದ.

"ಐದು."

"ಐದಾ?" ಎಂದು ಅವನು ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಚ್ಚು ಚ್ಚು ಎಂದ. ಆಮೇಲೆ ಬಹಳ ಚಿಂತೆಯಿಂದ ನನ್ನ ಕಡೆ ನೋಡಿದ. ಅವನೇಕೆ ನೋಡಿದನೆಂದು ನನಗೆ ತಿಳಿಯಲಿಲ್ಲ. ಸಭ್ಯತೆಗೆ ನಾನೂ ತಲೆ ಅಲ್ಲಾಡಿಸಿದೆ. ಅಷ್ಟೇ ನಡೆದದ್ದು. ಕುಸುಮ ಕಾಕೂ ಅವರ ಮುಖ ಬಿಳಿಚಿಕೊಂಡಿತು. ಒಂದು ನಿಮಿಷ ಎಂದು ಒಳಗೆ ಹೋದವರು ಗ್ಯಾಸ್ ಆರಿಸಿ ಬಂದು, ಇವತ್ತು ನಮ್ಮ ಮನೆಯಲ್ಲಿ ಅಡುಗೆ ಇಲ್ಲ ಎಂದು ಬಾಗಿಲು ಹಾಕಿಕೊಂಡರು.

ಎರಡನೆಯ ಮನೆಯಾಕೆ ನಾವು ಕೇಳುವ ಮೊದಲೇ, ನಮ್ಮಲ್ಲಿ ಎರಡೇ ಸೀಟಿ ಎಂದರು. ಮೂರನೆಯ ಮನೆಯಲ್ಲಿ ಹಸಿ ತರಕಾರಿ ತಿನ್ನುವವರಂತೆ. ನಾಲ್ಕನೆಯ ಮನೆಯ ಅಜ್ಜ, ಸೀಟಿ ಹೊಡೆಸುವ ಅಭ್ಯಾಸ ಹೆಂಡತಿಗಿತ್ತು, ಅವಳು ತಂಗಿಯ ಮನೆಗೆ ಹೋಗಿದ್ದಾಳೆ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೈ ಮುಗಿದರು. ಅವರ ಬೆನ್ನ ಹಿಂದೆ ಹೆಂಡತಿ ನಿಂತೇ ಇದ್ದಳು. ಅದರ ಮುಂದಿನ ಮನೆಯಲ್ಲಿ ಕುಕ್ಕರೇ ಇಲ್ಲವೆಂದರು. ಕಪಾಟಿನ ಮೇಲೆ ಹಳೆಯ ಸೀರೆ ಹೊದೆದುಕೊಂಡು ಏನೋ ಒಂದು ಕೂತಿತ್ತು, ಅದರ ಹಿಡಿಕೆ ಮಾತ್ರ ಹೊರಗೆ ಚಾಚಿತ್ತು. ಹೀಗೆ ಓಣಿಯ ಕೊನೆ ಮುಟ್ಟುವಷ್ಟರಲ್ಲಿ ನಮ್ಮ ಮೊಬೈಲಿನಲ್ಲಿ ಒಂದು ಸೀಟಿಯೂ ದಾಖಲಾಗಿರಲಿಲ್ಲ. ಬಾಗಿಲು ಹಾಕುವ ಶಬ್ದಗಳು ಮಾತ್ರ ಬೇಕಾದಷ್ಟು ಸಿಕ್ಕಿದ್ದವು.

ಹಸಿದು ರುದ್ರವ್ವನವರ ಮನೆಗೆ ಬಂದರೆ ಅಲ್ಲಿ ಬೋಗುಣಿಯಲ್ಲಿ ಬೇಳೆ ಕೊತಕೊತ ಕುದಿಯುತ್ತಿತ್ತು. ಕುಕ್ಕರು ಕಾಣಲಿಲ್ಲ. ರುದ್ರವ್ವ ನಮ್ಮನ್ನು ಒಳಗೆ ಎಳೆದುಕೊಂಡು ಕದ ಹಾಕಿದರು.

"ಸಾವಕಾಶ ಮಾತಾಡ್ರಿ! ಗ್ಯಾಸಿನ ಸಾಹೇಬ್ರು ಇಬ್ಬರು ಓಣ್ಯಾಗ ತಿರಗಾಕತ್ಯಾರಂತ. ಯಾರ ಮನ್ಯಾಗ ಸೀಟಿ ಭಾಳ ಆಗ್ತಾವ ಅವರ ಸಬ್ಸಿಡಿ ಬಂದ್ ಮಾಡ್ತಾರಂತ. ಕುಸುಮಾಬಾಯಿ ಫೋನ್ ಮಾಡಿ ಹೇಳಿದ್ಳು. ನಾ ಕುಕ್ಕರ್ ತಗೊಂಡ್ ಹೋಗಿ ಹಾಸಿಗಿ ಪೆಟ್ಟಿಗ್ಯಾಗ ಇಟ್ಟೀನಿ."

"ಅತ್ತಿ, ಅವರು ಗ್ಯಾಸಿನವರಲ್ಲ. ನಾವ ಅವರು," ಎಂದ ಚನ್ನವೀರ.

"ಏನ?"

"ಓಣ್ಯಾಗ ತಿರಗಿದ ಇಬ್ಬರು ನಾನೂ ಋಷ್ಯಾನೂ. ಕುಸುಮ ಕಾಕೂ ಮನಿಗೆ ನಾವ ಹೋಗಿದ್ವಿ."

ರುದ್ರವ್ವ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ನಕ್ಕುಬಿಟ್ಟರು. "ಸುಮ್ಮನಿರೋ! ಅವರು ದೊಡ್ಡ ಆಫೀಸರು. ಬರೇ ಸೀಟಿ ಲೆಕ್ಕ ಕೇಳಿ ಮನಿ ಹಣೇಬಾರ ಹೇಳಿದ್ರಂತ. ಉದ್ದಾನ್ನಾಂವ ಭಾಳ ಶ್ಯಾಣ್ಯಾ ಇದ್ದನಂತ. ನಿನಗ ಮೂರು ಸೀಟಿ ಎಣಸಾಕ ಬರಂಗಿಲ್ಲ, ನೀ ಎಲ್ಲಿ ಆಫೀಸರಪಾ!"

ಎಷ್ಟು ಹೇಳಿದರೂ ನಂಬಲಿಲ್ಲ. ಕಾಡಪ್ಪನವರು ತಮ್ಮ ಅಂಗಡಿಯಿಂದ ಊಟಕ್ಕೆ ಬಂದವರು, ಗ್ಯಾಸಿನ ಕನೆಕ್ಷನ್ ನನ್ನ ಹೆಸರಿನಲ್ಲಿದೆ, ನೀವೆಲ್ಲ ಸೇರಿ ನನ್ನ ಕೈಗೆ ಬೇಡಿ ಹಾಕಿಸಬೇಡಿ ಎಂದು ಹೆದರಿಸಿದರು. ಕಟ್ಟಡದ ಸೆಕ್ರೆಟರಿ ಮಧುಕರ ಕಾಕಾ ಮೆಟ್ಟಿಲಿನ ಕೆಳಗಿನ ಹಲಗೆಯ ಮೇಲೆ ಆಗಲೇ ಸುಣ್ಣದಕಡ್ಡಿಯಲ್ಲಿ ದಪ್ಪಗೆ ಮರಾಠಿಯಲ್ಲಿ ಬರೆದಿದ್ದರು: 'ಮುಂದಿನ ಸೂಚನೆಯವರೆಗೆ ಯಾರ ಕುಕ್ಕರೂ ಕೂಗಕೂಡದು. ಕಾರಣ ಕೇಳಲು ಬರಬಾರದು.' ಸದಾಶಿವ ಪೇಠದಲ್ಲಿ ಅಷ್ಟು ನಿಶ್ಶಬ್ದವಾದ ಮಧ್ಯಾಹ್ನವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕುದಿಸಿದ ಬೇಳೆಯ ಊಟ ಮಾಡಿ ಇಬ್ಬರೂ ಗಚ್ಚಿಯ ಮೇಲೆ ಹೋಗಿ ನೀರಿನ ಟಾಕಿಯ ನೆರಳಲ್ಲಿ ಕೂತೆವು. ಚನ್ನವೀರನ ಮೊಬೈಲಿಗೆ ಅಪ್ಪನ ಫೋನು ಬಂತು. ಪೇಂಟರ್ ಎರಡನೇ ಕೋಟ್ ಹೊಡೆಯಲೋ ಬೇಡವೋ ಎಂದು ಕೇಳುತ್ತಿದ್ದಾನಂತೆ. "ಸೋಮವಾರ ಹೇಳ್ತೀನ್ರೀ ಅಪ್ಪಾರ," ಎಂದು ಫೋನ್ ಇಟ್ಟ ಚನ್ನವೀರನ ಮುಖ ನೋಡಿ ನನಗೆ ನಿಜವಾಗಿ ಮರುಕ ಹುಟ್ಟಿತು.

ಆಗ ಅವನು ಎದ್ದು ನಿಂತ. ತುಟಿ ಒದ್ದೆ ಮಾಡಿಕೊಂಡ. ಹಲ್ಲಿನ ಸಂದಿಯಿಂದ ಮೊದಲು ಸ್ಸ್ಸ್ ಎಂದು ಆವಿ ಬಿಟ್ಟ, ಆಮೇಲೆ ಫೀಈಈ ಎಂದು ಎಳೆದ, ಕೊನೆಗೆ ಥುಸ್ ಎಂದು ಇಳಿಸಿದ. ನಾನು ಕಣ್ಣು ಮುಚ್ಚಿ ಕೇಳಿದ್ದರೆ ಎದ್ದು ಹೋಗಿ ಗ್ಯಾಸ್ ಆರಿಸುತ್ತಿದ್ದೆ. ಅಷ್ಟು ಥೇಟ್ ಕುಕ್ಕರು! ಈ ಹುಡುಗ ಇಷ್ಟು ವರ್ಷ ಸೀಟಿಯನ್ನು ಎಣಿಸದಿದ್ದರೂ ಕೇಳಿಯಂತೂ ಇದ್ದ ಎಂಬುದು ಖಾತ್ರಿಯಾಯಿತು.

"ಹಿಡಿ ಮೊಬೈಲು," ಎಂದ. "ಇದು ಐದು ಲೀಟರಿಂದು, ಸ್ಟೀಲ್."

ನಾನು ಹಿಡಿದೆ. ಅವನು ಊದಿದ. ಸಣ್ಣ ಕುಕ್ಕರ್ ಊದಿದ, ಮದುವೆಮನೆಯ ಕುಕ್ಕರ್ ಊದಿದ, ರಬ್ಬರ್ ಸಡಿಲಾಗಿ ಪಕ್ಕದಿಂದ ಗಾಳಿ ಹೋಗುವ ಹಳೆಯ ಕುಕ್ಕರ್ ಊದಿದ. ಕಲಾವಿದ ಕಲೆಯಲ್ಲಿ ಮುಳುಗಿದಾಗ ಸುತ್ತಲಿನ ಪ್ರಪಂಚ ಮರೆಯುವುದು ಸಹಜ. ಪುಣೆಯ ಪೇಠಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮನುಷ್ಯರು ಮಲಗುತ್ತಾರೆ ಎಂಬುದನ್ನು ನಾವು ಮರೆತೆವು.

ಕೆಳಗೆ ಕಿಟಕಿಗಳು ಧಡಧಡ ತೆರೆದವು. ಇಡೀ ಕಟ್ಟಡ ಅರೆಬೆಂದ ಬೇಳೆ ಉಂಡು ಮಲಗಿದ ಹೊತ್ತಿನಲ್ಲಿ ಒಬ್ಬ ಪಾಪಿ ಲೆಕ್ಕವಿಲ್ಲದಷ್ಟು ಸೀಟಿ ಹೊಡೆಸುತ್ತಿದ್ದಾನೆ! "ಕುಣಾಚಾ ಕುಕರ್ ಆಹೇ ಹಾ?" ಎಂದು, ಇದು ಯಾರ ಕುಕ್ಕರೆಂದು ಮರಾಠಿಯಲ್ಲಿ ಗುಡುಗುತ್ತ ಮಧುಕರ ಕಾಕಾ ಬನಿಯನ್ನಿನಲ್ಲೇ ಗಚ್ಚಿಗೆ ಹತ್ತಿಬಂದರು. ಅವರ ಹಿಂದೆ ನಾಲ್ಕಾರು ಹೆಂಗಸರು, ಅವರಲ್ಲಿ ರುದ್ರವ್ವನೂ ಒಬ್ಬರು.

"ಎಲ್ಲಿ ಕುಕ್ಕರು?" ಎಂದರು ಮಧುಕರ ಕಾಕಾ.

"ನಾವೂ ಅದನ್ನೇ ಹುಡುಕುತ್ತಿದ್ದೇವೆ ಕಾಕಾ," ಎಂದ ಚನ್ನವೀರ.

ಮಧುಕರ ಕಾಕಾ ಟಾಕಿಯ ಹಿಂದೆ ನೋಡಿದರು, ಟಾಕಿಯ ಮುಚ್ಚಳ ತೆಗೆದು ಒಳಗೂ ಇಣುಕಿದರು. ಇಂಥ ಸಮಯದಲ್ಲಿ ಸಿಟ್ಟಿಗೇಳದೆ ಸಹಕರಿಸುವ ಯುವಕರನ್ನು ಕಂಡು ಅವರಿಗೆ ಸಂತೋಷವಾಗಿ, ಮನೆಮನೆಯ ತಪಾಸಣೆಗೆ ನಮ್ಮಿಬ್ಬರನ್ನೇ ಜೊತೆಗೆ ಕರೆದುಕೊಂಡರು. ಎಲ್ಲ ಮನೆಗಳ ಮಂಚದ ಕೆಳಗೆ ಬಗ್ಗಿ ನೋಡಿದೆವು. ಮುಚ್ಚಿಟ್ಟ ಕುಕ್ಕರುಗಳೆಲ್ಲ ಸಿಕ್ಕವು, ಎಲ್ಲವೂ ತಣ್ಣಗಿದ್ದವು. ಕೊನೆಗೆ ಮಧುಕರ ಕಾಕಾ, ಇದು ಹಿಂದಿನ ಕಟ್ಟಡದವರ ಪಿತೂರಿ ಎಂದು ತೀರ್ಪು ಕೊಟ್ಟು ಮಲಗಲು ಹೋದರು. ಹಿಂದಿನ ಕಟ್ಟಡದವರೊಂದಿಗೆ ಅವರು ಈಗಲೂ ಮಾತಾಡುವುದಿಲ್ಲ.

ಸಂಜೆ ರೇಣು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇನ್ನೂರೂ ಸೀಟಿಗಳನ್ನು ಕೇಳಿದಳು. "ಸದಾಶಿವ ಪೇಠದ ಕುಕ್ಕರೆಲ್ಲಾ ಸ್ವಲ್ಪ ಉಗಳು ಹಾರಸ್ತಾವಲ್ಲ?" ಎಂದಳು.

"ಅಲ್ಲಿ ನೀರೇ ಹಂಗ," ಎಂದ ಚನ್ನವೀರ ಗಂಭೀರವಾಗಿ. ರೇಣು ಸೀಟಿಗಳನ್ನು ಕಂಪ್ಯೂಟರಿಗೆ ಉಣಿಸಿದಳು.

ಉಳಿದದ್ದು ಒಂದು ಕುಟುಂಬ. ರುದ್ರವ್ವ ಮೊದಲು ಸುತರಾಂ ಒಪ್ಪಲಿಲ್ಲ. ಹಿಂಜವಾಡಿಯಲ್ಲಿ ಗ್ಯಾಸಿಲ್ಲ, ಕರೆಂಟಿನ ಒಲೆ, ಯಾವ ಸಾಹೇಬರೂ ಕೇಳುವುದಿಲ್ಲ ಎಂದಾಗ ಸ್ವಲ್ಪ ಮೆತ್ತಗಾದರು. ಸ್ಟೇಜಿನ ಮೇಲೆ ನಿಲ್ಲುವುದಿರುತ್ತದೆ ಎಂದಾಗ ಇಳಕಲ್ ಸೀರೆ ಹುಡುಕಲು ಎದ್ದರು. ಕಾಡಪ್ಪನವರು, ಕುಕ್ಕರು ಹೋದಲ್ಲಿ ತಾನೂ ಹೋಗಬೇಕಾಗುತ್ತದೆ ಎಂದು ಕೋಟು ತೊಟ್ಟರು.

ಭಾನುವಾರ ಗೇಟಿನಲ್ಲಿ ರುದ್ರವ್ವನವರ ಗಂಟನ್ನು ತಪಾಸಣೆಯ ಯಂತ್ರದೊಳಗೆ ಹಾಕಿದ ಕೂಡಲೇ ಕೆಂಪು ದೀಪ ಹತ್ತಿಕೊಂಡಿತು. ಪರದೆಯ ಮೇಲೆ ದುಂಡಗೆ ಒಂದು ಪಾತ್ರೆ, ಅದರ ಮೇಲೊಂದು ಕೊಳವೆ, ಒಳಗೆ ಸಣ್ಣಸಣ್ಣ ಗುಂಡುಗಳು. ಗಾರ್ಡುಗಳೆಲ್ಲ ಹಿಂದೆ ಸರಿದರು. ಹಿರಿಯ ಗಾರ್ಡೊಬ್ಬ, ಒಳಗೇನಿದೆ ಎಂದು ದೂರದಿಂದಲೇ ಕೇಳಿದ.

"ನೆನೆಸಿದ ತೊಗರಿಬ್ಯಾಳಿ," ಎಂದರು ರುದ್ರವ್ವ, ಸೀದಾ ಹೋಗಿ ಮುಚ್ಚಳ ತೆಗೆದು ತೋರಿಸಿದರು. ಗಾರ್ಡು ಇಣುಕಿ ನೋಡಿದ. ಒಳಗೆ ಬರುವ ಪ್ರತಿಯೊಂದಕ್ಕೂ ಕಾರ್ಡು ಬೇಕೆಂಬ ಕಾನೂನಿತ್ತಂತೆ. ಬಹಳ ಯೋಚಿಸಿ ಅವನು 'ವಿಸಿಟರ್' ಎಂಬ ಕಾರ್ಡೊಂದನ್ನು ತಂದು ಕುಕ್ಕರಿನ ಹಿಡಿಕೆಗೆ ತೂಗುಹಾಕಿದ. ಕಾಡಪ್ಪನವರಿಗೆ ಕಾರ್ಡು ಸಾಲಲಿಲ್ಲ, ಅವರನ್ನು ಕಾರ್ಡಿಲ್ಲದೆಯೇ ಒಳಗೆ ಬಿಟ್ಟರು.

ಹಾಲ್ ತುಂಬಿತ್ತು. ಕ್ಯಾನ್ಸರಿನ ಟೀಮು ಮುಗಿಸಿ ಇಳಿದ ಮೇಲೆ ನಾವು ಹತ್ತಿದೆವು. ಮೇಜಿನ ಮೇಲೆ ಕರೆಂಟಿನ ಒಲೆ, ಅದರ ಮೇಲೆ ಕಾರ್ಡು ತೂಗಿಸಿಕೊಂಡ ಕುಕ್ಕರು, ಹಿಂದೆ ದೊಡ್ಡ ಪರದೆಯಲ್ಲಿ ಸೊನ್ನೆ. ಚನ್ನವೀರ ಸೊಗಸಾಗಿ ಭಾಷಣ ಮಾಡಿದ. ಮನುಷ್ಯರು ಮೋಸ ಹೋಗಬಹುದು, ಈ ಪ್ರೋಗ್ರಾಂ ಹೋಗದು ಎಂದ. ಕುಕ್ಕರು ಗುಸುಗುಸು ಎಂದಿತು, ಹಾಲ್ ಮುಂದಕ್ಕೆ ಬಾಗಿತು. ಕುಕ್ಕರು ಜೋರಾಗಿ ಸೀಟಿ ಹೊಡೆಯಿತು.

ಪರದೆಯ ಮೇಲೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ರೇಣು ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಅನುಜಾ ಮೇಡಂ ಹುಬ್ಬು ಏರಿಸಿದರು. ಏನಾಗಿದೆ ಎಂಬುದು ಆ ಹಾಲಿನಲ್ಲಿ ನನಗೂ ಚನ್ನವೀರನಿಗೂ ಮಾತ್ರ ಗೊತ್ತಿತ್ತು. ಪ್ರೋಗ್ರಾಂ ಹುಟ್ಟಿದಂದಿನಿಂದ ಒಂದು ಕುಕ್ಕರಿನ ಧ್ವನಿಯನ್ನೂ ಕೇಳಿರಲಿಲ್ಲ. ಅದರ ಮಟ್ಟಿಗೆ ಕುಕ್ಕರೆಂದರೆ ಚನ್ನವೀರ.

ಇನ್ನೊಬ್ಬನಾದರೆ ಸ್ಟೇಜ್ ಬಿಟ್ಟು ಓಡುತ್ತಿದ್ದ. ಚನ್ನವೀರ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುವವನಂತೆ ಬಾಯಿಗೆ ಹಿಡಿದ. "ಮೊದಲನೆಯದು ಬರೀ ಬಿಸಿಯಾಗುವುದು, ಅದನ್ನು ಎಣಿಸುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದ. ರುದ್ರವ್ವನಿಗೆ ಅದು ತಿಳಿಯಲಿಲ್ಲ, ತಿಳಿದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಕುಕ್ಕರು ಮತ್ತೆ ಗುಸುಗುಟ್ಟಿತು. ಅದು ಸೀಟಿ ಹೊಡೆದ ಹೊತ್ತಿಗೇ ಕರವಸ್ತ್ರದ ಹಿಂದಿನಿಂದ ಇನ್ನೊಂದು ಸೀಟಿ ಹೊರಟಿತು. "ಒಂದು!" ಎಂದಿತು ಪ್ರೋಗ್ರಾಂ. ಹಾಲ್ ಚಪ್ಪಾಳೆ ತಟ್ಟಿತು. ಮತ್ತೆ ಕುಕ್ಕರು, ಮತ್ತೆ ಕರವಸ್ತ್ರ. "ಎರಡು!" ಇನ್ನೊಮ್ಮೆ. "ಮೂರು!" ಹುಡುಗರು ಎದ್ದು ನಿಂತು ಕೂಗತೊಡಗಿದರು. ಚನ್ನವೀರನ ಕಿವಿಗಳು ಕೆಂಪಾಗಿದ್ದವು, ಕಣ್ಣಲ್ಲಿ ಎಂಥದೋ ಕಾಂತಿ ಬಂದಿತ್ತು. ಕಲಾವಿದ ಮತ್ತೆ ಕಲೆಯಲ್ಲಿ ಮುಳುಗಿದ್ದ.

ಬೇಳೆ ಹದಕ್ಕೆ ಬಂದದ್ದು ವಾಸನೆಯಿಂದಲೇ ತಿಳಿದು ರುದ್ರವ್ವ ಒಲೆ ಆರಿಸಿದರು. ಕುಕ್ಕರು ತಣ್ಣಗಾಯಿತು. ಕರವಸ್ತ್ರದ ಹಿಂದಿನಿಂದ ಇನ್ನೊಂದು ಸೀಟಿ ಫೀಈಈ ಎಂದು ಹಾಲಿನ ತುಂಬ ಹರಿಯಿತು.

"ನಾಲ್ಕು!" ಎಂದಿತು ಪ್ರೋಗ್ರಾಂ.

ಎಲ್ಲರೂ ಕುಕ್ಕರನ್ನು ನೋಡಿದರು. ರುದ್ರವ್ವ ಮಾತ್ರ ಸೋದರಳಿಯನನ್ನು ನೋಡಿದರು.

"ಚನ್ನ್ಯಾ, ಈ ನಾಲ್ಕನೇದು ಯಾರ ಹೊಡದ್ರು?"

"ಅತ್ತಿ, ಬಾಯಿ ಮುಚ್ಚು. ಇವರಿಗೆ ಯಾರಿಗೂ ಕನ್ನಡ ತಿಳಿಯಂಗಿಲ್ಲ."

"ತಿಳೀತದಪಾ, ಹೇಳು," ಎಂದರು ಅನುಜಾ ಮೇಡಂ, ಅಚ್ಚ ಧಾರವಾಡದ ಕನ್ನಡದಲ್ಲಿ. "ನಮ್ಮನಿ ಮಾಳಮಡ್ಡ್ಯಾಗ ಅದ. ಅಡಗಿಮನಿ ಕಡೆ ನಾನೂ ಆಗೊಮ್ಮೆ ಈಗೊಮ್ಮೆ ಹಾದೀನಿ."

ಚನ್ನವೀರನ ಕೈಯಿಂದ ಕರವಸ್ತ್ರ ಕೆಳಗೆ ಬಿತ್ತು. ಮೇಡಂ ಹತ್ತಿರ ಬಂದು, ಇನ್ನೊಮ್ಮೆ ಊದು ಎಂದರು. ಅವನು ಊದಿದ. "ಐದು!" ಎಂದಿತು ಪ್ರೋಗ್ರಾಂ ಸಂಭ್ರಮದಿಂದ. ನನ್ನಿಂದ ಊದಿಸಿದರು, ಅದು ಕೇಳಿಯೇ ಇಲ್ಲವೆಂಬಂತೆ ಕೂತಿತು. ಬಾಗಿಲಲ್ಲಿ ನಿಂತ ಗಾರ್ಡಿನಿಂದ ಪೀಪಿ ಊದಿಸಿದರು, ಅದಕ್ಕೂ ಜಪ್ಪಯ್ಯ ಎನ್ನಲಿಲ್ಲ. ರೇಣುವಿಗೆ ಆಗ ಎಲ್ಲ ಹೊಳೆಯಿತು. "ಇನ್ನೂರು ಕುಕ್ಕರ್ ಅಂದೀರಲ್ಲೋ! ಎಲ್ಲಾ ಇವನ ಬಾಯೇ ಏನ್ರೋ?" ಎಂದು ಮೈಕಿನಲ್ಲೇ ಕಿರುಚಿದಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಚನ್ನವೀರ ನಗಲಿಲ್ಲ. ಅವನ ಕಣ್ಣ ಮುಂದೆ ಬೈಲಹೊಂಗಲದ ಬೋರ್ಡಿನ ಮೇಲೆ ಎರಡನೇ ಕೋಟ್ ಬೀಳುತ್ತಿತ್ತು ಎಂಬುದನ್ನು ನಾನು ಬಲ್ಲೆ.

ಮೇಡಂ ಎಲ್ಲರನ್ನೂ ಸುಮ್ಮನಾಗಿಸಿದರು. "ಒಂದೇ ಪ್ರಶ್ನೆ ಕೇಳ್ತೀನಿ. ಇದಕ್ಕ ಉತ್ತರ ಕೊಡು, ಆಮೇಲೆ ನಿಮ್ಮ ವಿಭಾಗಕ್ಕ ಏನ ಬರೀಬೇಕು ನೋಡ್ತೀನಿ. ನಿನ್ನ ಸೀಟಿ ನಮ್ಮ ಕಿವಿಗೆ ಥೇಟ್ ಕುಕ್ಕರಿನಂಗನ ಕೇಳಸ್ತದ. ಹಂಗಾರ ಎರಡರಾಗ ಈ ಯಂತ್ರಕ್ಕ ಕಂಡ ಫರಕ್ ಏನು?"

ಚನ್ನವೀರ ಎದೆ ಸೆಟೆಸಿಕೊಂಡು ಬಾಯಿ ತೆರೆದ. ಅವನ ನಾಲಿಗೆಯ ತುದಿಗೆ ಉತ್ತರ ಬಂದು ನಿಂತದ್ದು ನನಗೆ ಕಾಣಿಸಿತು. ಹವಾಮಾನವೋ, ಕರೆಂಟಿನ ಒಲೆಯೋ, ಪುಣೆಯ ನೀರೋ ಏನಾದರೊಂದು ಹೊರಬೀಳುವುದಿತ್ತು. ಅವನು ಅತ್ತೆಯ ಕಡೆ ನೋಡಿದ. ರುದ್ರವ್ವ ಇಳಕಲ್ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಇವನು ಈಗೇನು ಎನ್ನುತ್ತಾನೋ ಎಂದು ಕಾಯುತ್ತಿದ್ದರು. ಚನ್ನವೀರ ಬಾಯಿ ಮುಚ್ಚಿದ. ಮತ್ತೆ ತೆರೆದ.

"ಗೊತ್ತಿಲ್ರೀ," ಎಂದ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಕಾಡಪ್ಪನವರು ಎದ್ದು ನಿಂತುಬಿಟ್ಟರು. ರುದ್ರವ್ವನ ಕಣ್ಣಲ್ಲಿ ನೀರು ಬಂತು.

"ನನ್ನ ಮಗನ! ಇದೊಂದು ಮಾತು ಮನ್ಯಾಗ ಅಂದಿದ್ರ ನನ್ನ ಎಷ್ಟ ಬ್ಯಾಳಿ ಉಳೀತಿತ್ತೋ!"

ಮೇಡಂ ನಗುತ್ತ ಕೂತು, ಎಲ್ಲರ ಎದುರಿಗೇ ನಮ್ಮ ವಿಭಾಗಕ್ಕೆ ಮೇಲ್ ಬರೆದರು. ಪ್ರೋಗ್ರಾಂ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಅದರಲ್ಲಿ ದೋಷವಿಲ್ಲ. ಕಲಿಸಿದವನಲ್ಲಿದ್ದ ಒಂದು ದೋಷ ಇವತ್ತು ಸರಿಹೋಯಿತು, ಆದ್ದರಿಂದ ಪರೀಕ್ಷೆಗೆ ಕೂಡಿಸಬಹುದು ಎಂದಿತ್ತು ಅದರಲ್ಲಿ. ಬಹುಮಾನ ಕ್ಯಾನ್ಸರಿನವರಿಗೆ ಹೋಯಿತು. ಬೇಳೆಯನ್ನು ಗಾರ್ಡುಗಳೂ ನಾವೂ ಸೇರಿ ಅನ್ನಕ್ಕೆ ಕಲಸಿಕೊಂಡು ತಿಂದೆವು. ಹದ ಬಹಳ ಚೆನ್ನಾಗಿತ್ತು. ಬೈಲಹೊಂಗಲದಲ್ಲಿ ಅಪ್ಪ ಸಿಡಿಮಿಡಿಗೊಂಡರೂ ಬೋರ್ಡಿನ ಮೇಲಿನ 'ಮತ್ತು ಮಗ' ಎಂಬುದರ ಮೇಲೆ ಸದ್ಯಕ್ಕೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದಾರಂತೆ.

ರುದ್ರವ್ವನಿಗೆ ಈ ಜಂಜಾಟವೆಲ್ಲ ಪೂರ್ತಿ ತಿಳಿಯಲಿಲ್ಲ. ತಮ್ಮ ಕಣ್ಣೆದುರಿಗೆ ಯಂತ್ರ ಒಂದು, ಎರಡು, ಮೂರು ಎಂದು ಕೂಗಿದ್ದನ್ನು ಅವರು ನೋಡಿದ್ದರು. ಅದು ತಮ್ಮ ಮೊಬೈಲಿನಲ್ಲಿ ಬೇಕೇ ಬೇಕೆಂದು ರೇಣುವಿಂದ ಹಾಕಿಸಿಕೊಂಡರು. ಇಷ್ಟು ಅಭಿಮಾನದಿಂದ ಹಾಕಿಸಿಕೊಂಡದ್ದು ಮೂಕವಾಗಿ ಕೂತರೆ ಅವರ ಮನಸ್ಸು ನೋಯುತ್ತದೆಂದು ಚನ್ನವೀರನಿಗೆ ಸಂಕಟ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು, ಚನ್ನವೀರ ಹೊರಗಿನ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿದ್ದ. ಈ ಸಲ ನಿಜವಾಗಿ ಓದುತ್ತಿದ್ದ. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯಿತು. ಅವನು ಪುಸ್ತಕ ಮಡಚಿ, ಮೇಜಿನ ಮೇಲಿದ್ದ ಅತ್ತೆಯ ಮೊಬೈಲಿನತ್ತ ಬಗ್ಗಿ, ತುಟಿ ಒದ್ದೆ ಮಾಡಿಕೊಂಡು ಮೆಲ್ಲಗೆ ಊದಿದ. "ಒಂದು!" ಎಂದಿತು ಮೊಬೈಲು. ಮತ್ತೆ ಪುಸ್ತಕ ತೆರೆದ. ಮತ್ತೆ ಕುಕ್ಕರು, ಮತ್ತೆ ಪುಸ್ತಕ ಮಡಚಿ ಊದಿದ. "ಎರಡು!"

ಮೂರಾದ ಮೇಲೆ ಅಡುಗೆಮನೆಯಲ್ಲಿ ಗ್ಯಾಸ್ ಆರಿತು. ರುದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಮೊಬೈಲನ್ನು ಪ್ರೀತಿಯಿಂದ ಎತ್ತಿಕೊಂಡು ನನಗೆ ತೋರಿಸಿದರು.

"ಎಷ್ಟ ಛಲೋ ಎಣಸ್ತೈತಿ ನೋಡೋ ಋಷ್ಯಾ! ಈಗ ನಮ್ಮ ಚನ್ನ್ಯಾಗ ಏನೂ ತ್ರಾಸಿಲ್ಲ, ಸುಮ್ಮನ ಕೂತ ಓದಕೋತಾನ."